ನಕ್ಷೆಯ ಅಳತೆ ಬೇರೆ, ದೋಣಿಯ ಅಳತೆ ಬೇರೆ

ದೋಣಿಯ ಒಡಲು ಮುಗಿದು ಬಣ್ಣ ಒಣಗಿದ ದಿನ, ಇನ್ನೇನು ಹಾಯಿ ಕಟ್ಟಿ ನೀರಿಗೆ ಇಳಿಸುವುದೊಂದೇ ಬಾಕಿ ಅಂದುಕೊಂಡಿದ್ದೆ. ಅಲ್ಲಿಂದ ಮುಂದೆ ಹಾಯಿ ಸರಿಯಾಗಿ ನಿಲ್ಲಲು, ದೋಣಿಗೆ ಒಂದು ನೋಂದಣಿ ನಂಬರು ಸಿಗಲು ಎರಡೂವರೆ ತಿಂಗಳು ಹಿಡಿಯಿತು. ಒಡಲು ಕಟ್ಟುವ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಈ ಕೊನೆಯ ಭಾಗದ ಬಗ್ಗೆ ಕಡಿಮೆ. ಅದಕ್ಕೇ ನನ್ನ ನೋಟ್‌ಬುಕ್ ತೆಗೆದು, ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ದೋಣಿ ಚಿಕ್ಕದು. 6 ಮಿ.ಮೀ. ಪ್ಲೈವುಡ್ ಹಲಗೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗಳಿಗೆ ಎಪಾಕ್ಸಿ ಅನ್ನುವ ಗಟ್ಟಿ ಅಂಟು ತುಂಬಿ, ಮೇಲೆ ಗಾಜಿನ ನಾರಿನ ಬಟ್ಟೆ ಅಂಟಿಸಿ ಕಟ್ಟಿದ್ದು. ನಕ್ಷೆಯಲ್ಲಿ ಉದ್ದ 3.20 ಮೀಟರ್. ಈ ಅಂಕಿ ನೆನಪಿರಲಿ, ಮುಂದೆ ಇದೇ ತೊಂದರೆ ಕೊಟ್ಟಿತು.

ಹಾಯಿ ನಾಲ್ಕು ಮೂಲೆಯ ಲಗ್ ಹಾಯಿ. ಮೇಲೆ ಓರೆಯಾಗಿ ಒಂದು ಕೋಲು, ಅದು ಯಾರ್ಡ್. ಕೆಳಗೆ ಅಡ್ಡವಾಗಿ ಇನ್ನೊಂದು, ಅದು ಬೂಮ್. ಎರಡರ ಮುಂದಿನ ತುದಿಯೂ ಮಾಸ್ಟ್, ಅಂದರೆ ಹಾಯಿಕಂಬ, ದಾಟಿ ಸ್ವಲ್ಪ ಮುಂದೆ ಚಾಚಿರುತ್ತದೆ. ಮಾಸ್ಟನ್ನು ಹಿಡಿದು ನಿಲ್ಲಿಸಲು ತಂತಿಗಳಿಲ್ಲ. ಗುಳಿಯಲ್ಲಿ ಇಳಿಸಿದರೆ ತಾನೇ ನಿಲ್ಲಬೇಕು. ಮೊದಲ ಸಲ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಹಾಯಿ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಗ್ಗಗಳು ಮೂರೇ. ಹಾಯಿ ಏರಿಸುವ ಹಾಲ್ಯಾರ್ಡ್, ಕೆಳಕ್ಕೆ ಎಳೆದು ಬಿಗಿ ಮಾಡುವ ಡೌನ್‌ಹಾಲ್, ಕೈಯಲ್ಲಿ ಹಿಡಿಯುವ ಶೀಟ್. ಶೀಟ್ ಅಂದರೆ ಬಟ್ಟೆಯಲ್ಲ, ಹಗ್ಗ. ಹೊಸಬರೆಲ್ಲ ಇಲ್ಲಿ ಒಮ್ಮೆ ಗಲಿಬಿಲಿ ಆಗುತ್ತಾರೆ.

ಮಾಸ್ಟ್

65 ಮಿ.ಮೀ. ಚೌಕದ ಪೈನ್ ತೊಲೆ, 3.7 ಮೀಟರ್ ಉದ್ದ. ಒಂದೇ ತುಂಡಲ್ಲ. ಎರಡು ಪಟ್ಟಿಗಳನ್ನು ಎದುರುಬದುರಾಗಿ ಅಂಟಿಸಿದ್ದು. ಒಂದು ಪಟ್ಟಿ ಬಾಗಲು ನೋಡಿದರೆ ಇನ್ನೊಂದು ಅದನ್ನು ತಡೆಯುತ್ತದೆ.

ಚೌಕದ ತೊಲೆಯನ್ನು ದುಂಡಗೆ ಮಾಡುವುದು ಹೇಗೆ? ಮೊದಲು ಎಂಟು ಮುಖ, ಆಮೇಲೆ ಹದಿನಾರು, ಆಮೇಲೆ ಉಪ್ಪುಕಾಗದ. ಎಂಟು ಮುಖದ ಗೆರೆ ಎಲ್ಲಿ ಬರಬೇಕು ಅನ್ನುವುದಕ್ಕೆ ಹಳೆಯ ದೋಣಿ ಬಡಗಿಗಳ ಲೆಕ್ಕ ಒಂದಿದೆ: 7, 10, 7. ತೊಲೆಯ ಅಗಲವನ್ನು 24 ಪಾಲು ಮಾಡಿ ಎರಡೂ ಅಂಚಿನಿಂದ 7 ಪಾಲು ಬಿಟ್ಟು ಗೆರೆ ಎಳೆಯಬೇಕು. 65 ಮಿ.ಮೀ.ಗೆ ಅದು 19, 27, 19 ಆಗುತ್ತದೆ.

ಆದರೆ ಮಾಸ್ಟ್ ಮೇಲಕ್ಕೆ ಹೋದಂತೆ ಸಣ್ಣಗಾಗುತ್ತದೆ ಅಲ್ವಾ? ಪ್ರತಿ ಅಡಿಗೂ ಲೆಕ್ಕ ಹಾಕುತ್ತಾ ಕೂರಲು ಆಗುವುದಿಲ್ಲ. ಅದಕ್ಕೊಂದು ಸಾಧನ ಮಾಡಿಕೊಂಡೆ. ಒಂದು ತುಂಡು ಮರ, ಎರಡು ತುದಿಯಲ್ಲಿ ಎರಡು ಗೂಟ, ನಡುವೆ ಅದೇ 7-10-7ರ ಅಂತರದಲ್ಲಿ ಎರಡು ಪೆನ್ಸಿಲ್. ಗೂಟಗಳು ತೊಲೆಯ ಎರಡೂ ಬದಿಗೆ ತಾಗುವ ಹಾಗೆ ಓರೆಯಾಗಿ ಹಿಡಿದು ಉದ್ದಕ್ಕೂ ಎಳೆದುಕೊಂಡು ಹೋಗಬೇಕು. ತೊಲೆ ಸಣ್ಣಗಾದಂತೆ ಸಾಧನ ಇನ್ನೂ ಓರೆಯಾಗುತ್ತದೆ, ಗೆರೆಗಳು ತಾವಾಗಿಯೇ ಹತ್ತಿರ ಬರುತ್ತವೆ. ಬುಡದಿಂದ ತುದಿಯವರೆಗೆ ಆ ಎರಡು ಗೆರೆ ಮೂಡಿದ್ದನ್ನು ನೋಡಿ ನಾನು ಸುಮ್ನೆ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಅಷ್ಟು ಚೆಂದ ಇತ್ತು.

ಆಮೇಲೆ ಹತ್ತರಿ ಹಿಡಿದದ್ದು. ಚೂಪಾದ ಹತ್ತರಿ ಮರದ ಮೇಲೆ ಹೋಗುವಾಗ ಉಸಿರು ಬಿಟ್ಟ ಹಾಗೆ ಒಂದು ಸದ್ದು ಬರುತ್ತದೆ. ಆ ಸದ್ದು ಕರಕರ ಅಂತ ಬದಲಾದರೆ ಎಳೆಗೆ ಎದುರಾಗಿ ಹೋಗುತ್ತಿದ್ದೀರಿ ಎಂದರ್ಥ. ಅಲ್ಲೇ ನಿಲ್ಲಿಸಿ ಇನ್ನೊಂದು ಕಡೆಯಿಂದ ಬನ್ನಿ. ದುಂಡಗಾಯಿತೋ ಇಲ್ಲವೋ ಅಂತ ಕಣ್ಣಿಗಿಂತ ಕೈಗೆ ಬೇಗ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಅಂಗೈ ಸುತ್ತಿ ಮೇಲಿಂದ ಕೆಳಗೆ ಸವರಿದರೆ ಉಳಿದ ಅಂಚುಗಳೆಲ್ಲ ಸಿಗುತ್ತವೆ.

ತಂತಿ ಇಲ್ಲದ ಮಾಸ್ಟಿಗೆ ಬುಡವೇ ಜೀವ. ನನ್ನ ಹಾಯಿ 5.7 ಚದರ ಮೀಟರ್. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಯಲ್ಲಿ ಅದರ ಮೇಲೆ ಸುಮಾರು 10 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಈ ಒತ್ತಡದ ನಡುಬಿಂದು ದೋಣಿಯ ಅಂಚಿನಿಂದ ಸುಮಾರು 2 ಮೀಟರ್ ಮೇಲಿದೆ. ಅಂಚಿನಿಂದ ಬುಡದ ಗುಳಿಗೆ ಇರುವುದು 40 ಸೆಂಟಿಮೀಟರ್ ಮಾತ್ರ. ಅಂದರೆ ಹಾರೆಯಲ್ಲಿ ಕಲ್ಲು ಮೀಟಿದ ಹಾಗೆ, ಮೇಲಿನ 10 ಕಿಲೋ ಬುಡದಲ್ಲಿ 50 ಆಗುತ್ತದೆ. ಅದಕ್ಕೇ ಗುಳಿಯ ಮರವನ್ನು ಗಟ್ಟಿ ಜಾತಿಯದ್ದೇ ಹಾಕಿ, ತಳಕ್ಕೂ ಮುಂದಿನ ಅಡ್ಡಗೋಡೆಗೂ ಸೇರಿಸಿ ಎಪಾಕ್ಸಿ ತುಂಬಿದೆ. ಗುಳಿಯಿಂದ ನೀರು ಹೊರಗೆ ಹೋಗಲು ಒಂದು ತೂತು. ಮಾಸ್ಟ್ ಅಂಚಿಗೆ ತಾಗುವ ಕಡೆ ಚರ್ಮದ ಪಟ್ಟಿ ಸುತ್ತಿ ಹೊಲಿದೆ.

ಇನ್ನೊಂದು ವಿಷಯ ತುಂಬ ಜನ ಮರೆಯುತ್ತಾರೆ. ದೋಣಿ ಮಗುಚಿದರೆ ಮಾಸ್ಟ್ ಗುಳಿಯಿಂದ ಜಾರಿ ಹೊರಗೆ ಬರುತ್ತದೆ. ಅರ್ಧ ಜಾರಿದ ಮಾಸ್ಟ್ ಮುಂದಿನ ಹಲಗೆಯನ್ನೇ ಸೀಳಬಹುದು. ಹಾಗಾಗಿ ಅಂಚಿನ ಹತ್ತಿರ ಒಂದು ಅಡ್ಡ ಪಿನ್ ಹಾಕಿ ಮಾಸ್ಟನ್ನು ಹಿಡಿಸಿದ್ದೇನೆ. ಆ ಪಿನ್ನಿಗೂ ಒಂದು ಹುರಿ ಕಟ್ಟಿದೆ, ನೀರಿಗೆ ಬಿದ್ದು ಕಳೆದುಹೋಗಬಾರದು ಅಂತ.

ಹಾಯಿಯ ಮುಖದ ಗೆರೆ

ಹಾಯಿಯನ್ನು ಯಾರ್ಡಿಗೆ ಕಟ್ಟುವುದಕ್ಕೆ ಒಂದೇ ಉದ್ದ ಹುರಿ ಸುತ್ತಿಕೊಂಡು ಹೋಗಬಹುದು. ನಾನು ಹಾಯಿ ಅಂಚಿನ ಪ್ರತಿ ತೂತಿಗೂ ಬೇರೆ ಬೇರೆ ತುಂಡು ಕಟ್ಟಿದೆ. ಒಂದು ಕಿತ್ತರೆ ಉಳಿದವು ಹಿಡಿದಿರುತ್ತವೆ. ಕೆಲಸ ಜಾಸ್ತಿ, ಆದರೆ ನೆಮ್ಮದಿ.

ಮೊದಲ ಸಲ ಹಾಯಿ ಏರಿಸಿದ್ದು ನೆಲದ ಮೇಲೆ, ದೋಣಿ ತಳ್ಳುಗಾಡಿಯ ಮೇಲೆ ಇದ್ದಾಗ. ಗಾಳಿ ಇಲ್ಲದ ಸಂಜೆ. ಇದನ್ನು ದಯವಿಟ್ಟು ಎಲ್ಲರೂ ಮಾಡಿ. ನೆಲದ ಮೇಲೆ ಹತ್ತು ನಿಮಿಷದಲ್ಲಿ ಬಿಡಿಸುವ ಗಂಟು ನೀರಿನ ಮೇಲೆ ಗಂಟೆಗಟ್ಟಲೆ ಕಾಡುತ್ತದೆ.

ಮಗಳು ಹಾಲ್ಯಾರ್ಡ್ ಎಳೆದಳು. ನಾನು ದೂರ ನಿಂತು ನೋಡಿದೆ. ಹಾಯಿ ಏರಿತು, ಆದರೆ ಮುಂದಿನ ಮೇಲ್ಮೂಲೆಯಿಂದ ಹಿಂದಿನ ಕೆಳಮೂಲೆಗೆ ಓರೆಯಾಗಿ ಒಂದು ದೊಡ್ಡ ಮಡಿಕೆ ಬಿದ್ದಿತ್ತು.

"ಅಪ್ಪಾ, ಇದು ಮುಖ ಸಿಂಡರಿಸಿಕೊಂಡಿದೆ," ಅಂದಳು.

ಸರಿಯಾಗಿಯೇ ಹೇಳಿದಳು. ಲಗ್ ಹಾಯಿಯಲ್ಲಿ ಮಡಿಕೆಯ ದಿಕ್ಕೇ ರೋಗ ಹೇಳುತ್ತದೆ. ಮುಂದಿನ ಮೇಲ್ಮೂಲೆಯಿಂದ ಹಿಂದಿನ ಕೆಳಮೂಲೆಗೆ ಬಿದ್ದರೆ ಯಾರ್ಡಿನ ಹಿಂದಿನ ತುದಿ ಜೋತುಬಿದ್ದಿದೆ, ಮುಂದಿನ ಅಂಚಿಗೆ ಬಿಗಿ ಸಾಲದು. ಹಿಂದಿನ ಮೇಲ್ಮೂಲೆಯಿಂದ ಮುಂದಿನ ಕೆಳಮೂಲೆಗೆ ಬಿದ್ದರೆ ಬಿಗಿ ಜಾಸ್ತಿ ಆಗಿದೆ. ಈ ಎರಡನೆಯದಕ್ಕೆ ಅಷ್ಟು ಹೆದರಬೇಕಿಲ್ಲ. ಗಾಳಿ ತುಂಬಿದಾಗ ಅದು ಎಷ್ಟೋ ಸಲ ತಾನೇ ಹೋಗುತ್ತದೆ.

ನಕ್ಷೆಯಲ್ಲಿ ಹಾಲ್ಯಾರ್ಡನ್ನು ಯಾರ್ಡಿನ ಮುಂದಿನ ತುದಿಯಿಂದ 80 ಸೆ.ಮೀ.ಗೆ ಕಟ್ಟಿ ಅಂತ ಇತ್ತು. ನಾನು ಹಾಗೇ ಕಟ್ಟಿದ್ದೆ. ಮತ್ತೆ ಯಾಕೆ ಜೋತುಬಿತ್ತು? ಯಾರ್ಡ್ ಕೆಳಗಿಳಿಸಿ ತೂಗಿದೆ. ನಕ್ಷೆಯವರು ಹೇಳಿದ್ದು ಹಗುರ ಮರ. ನಾನು ಹಾಕಿದ್ದು ಕೈಗೆ ಸಿಕ್ಕ ಭಾರದ ಮರ. ಯಾರ್ಡಿನ ತೂಕ ಒಂದೂವರೆ ಪಟ್ಟು ಇತ್ತು. ತೂಕ ಜಾಸ್ತಿ ಇದ್ದದ್ದು ಹಿಂದಿನ ಉದ್ದದ ಕಡೆ, ಅದು ಕೆಳಗೆ ಎಳೆಯುತ್ತಿತ್ತು.

ಹಾಲ್ಯಾರ್ಡನ್ನು ಹಿಂದಕ್ಕೆ ಸರಿಸಿದೆ. 82, 85, ಕೊನೆಗೆ 88. ಹಿಂದಕ್ಕೆ ಸರಿಸಿದಷ್ಟೂ ಮುಂದಿನ ತೋಳು ಉದ್ದವಾಗುತ್ತದೆ, ಡೌನ್‌ಹಾಲ್ ಕೆಳಕ್ಕೆ ಎಳೆದಾಗ ಹಿಂದಿನ ತುದಿ ಸುಲಭವಾಗಿ ಮೇಲೇಳುತ್ತದೆ. ತಕ್ಕಡಿಯ ನ್ಯಾಯ ಅಷ್ಟೇ. 88ರಲ್ಲಿ ಮಡಿಕೆ ಮಾಯ. ಯಾರ್ಡಿನ ಮೇಲೆ ಚಾಕುವಿನಲ್ಲಿ ಸಣ್ಣ ಗೀರು ಹಾಕಿದೆ. ನಕ್ಷೆಯಲ್ಲಿ 80 ಅನ್ನು ಹೊಡೆದು ಕೆಂಪು ಪೆನ್ನಿನಲ್ಲಿ 88 ಅಂತ ಬರೆದೆ. ಕೆಂಪು ಪೆನ್ನಿನ ಮೊದಲ ಗುರುತು ಅದು.

ನೀರಿನ ಮೇಲೆ

ನಂಬರು ಬರುವ ಮೊದಲು ನೀರಿಗೆ ಇಳಿಸಬಹುದಾ ಅಂತ ನೋಂದಣಿ ಮಾಡುವವರಿಗೆ ಮೊದಲೇ ಬರೆದು ಕೇಳಿದ್ದೆ. ದಡದ ಹತ್ತಿರ ಪರೀಕ್ಷೆ ಮಾಡಿಕೊಳ್ಳಿ ಅಂತ ಒಪ್ಪಿಗೆ ಸಿಕ್ಕಿತ್ತು. ಕೇಳದೆ ಇಳಿಸಬೇಡಿ.

ಮೊದಲ ಅರ್ಧ ಗಂಟೆ ತುಂಬ ಚೆನ್ನಾಗಿ ಹೋಯಿತು. ದೋಣಿ ಒಂದು ಪಕ್ಕಕ್ಕೆ ವಾಲಿ ತಳದಲ್ಲಿ ಗುಳುಗುಳು ಅಂತ ಸದ್ದು ಮಾಡುತ್ತಾ ಓಡಿತು. ನಾನು ಕೈಯಾರೆ ಹೊಲಿದ ಹಲಗೆ ಅದು. ಆ ಸದ್ದು ಕೇಳಿ ನನಗೆ ಗಂಟಲು ಕಟ್ಟಿತು.

ಆಮೇಲೆ ಮಗಳು ಮೇಲೆ ನೋಡಿ, "ಅಪ್ಪಾ, ಮತ್ತೆ ಗೆರೆ ಬಂತು," ಅಂದಳು.

ಅದೇ ಮಡಿಕೆ, ಅದೇ ದಿಕ್ಕು. ಡೌನ್‌ಹಾಲ್ ಬೆರಳಿನಿಂದ ಮೀಟಿ ನೋಡಿದೆ. ಸಡಿಲ. ಬಿಗಿ ಮಾಡಿದೆ. ಹದಿನೈದು ನಿಮಿಷಕ್ಕೆ ಮತ್ತೆ ಸಡಿಲ. ಗಂಟು ಜಾರುತ್ತಿದೆಯಾ ಅಂತ ಹಾಲ್ಯಾರ್ಡ್ ಗೂಟಕ್ಕೆ ಸುತ್ತಿದ ಕಡೆ ಪೆನ್ನಿನಲ್ಲಿ ಗುರುತು ಹಾಕಿದೆ. ಗುರುತು ಅಲ್ಲೇ ಇತ್ತು, ಗಂಟು ಜಾರಿರಲಿಲ್ಲ. ಆದರೂ ಯಾರ್ಡ್ ನಾಲ್ಕು ಬೆರಳು ಕೆಳಗೆ ಬಂದಿತ್ತು. ಅಂದರೆ ಹಗ್ಗವೇ ಹಿಗ್ಗುತ್ತಿತ್ತು.

ಹಾಲ್ಯಾರ್ಡಿಗೆ ನಾನು ಹಾಕಿದ್ದು ನೈಲಾನ್. ಬಿಳಿ, ಮೆತ್ತಗೆ, ನೋಡಲು ಒಳ್ಳೆಯದು. ಲಂಗರಿಗೆ ಅದೇ ಸರಿ. ಅಲೆಯ ಜಗ್ಗಾಟವನ್ನು ಹಿಗ್ಗಿ ತಡೆದುಕೊಳ್ಳುತ್ತದೆ. ಹಾಯಿ ಏರಿಸಲು ಮಾತ್ರ ಅದು ಬೇಡವೇ ಬೇಡ. ಪಾಲಿಯೆಸ್ಟರ್ ಹಾಕಿ. ಅದರಲ್ಲೂ ಮೊದಲೇ ಎಳೆದು ಹದ ಮಾಡಿದ ಬಗೆ ಸಿಗುತ್ತದೆ, 6 ಮಿ.ಮೀ. ಸಾಕು. ಡೈನೀಮಾ ಅನ್ನುವ ನಾರಿನ ಹಗ್ಗ ಇನ್ನೂ ಕಡಿಮೆ ಹಿಗ್ಗುತ್ತದೆ, ಆದರೆ ತುಂಬ ನುಣುಪು. ಸಾಮಾನ್ಯ ಗಂಟು ಅದರಲ್ಲಿ ಜಾರುತ್ತದೆ. ಪಾಲಿಪ್ರೊಪಿಲೀನ್ ನೀರಲ್ಲಿ ತೇಲುತ್ತದೆ, ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಶೀಟಿಗೆ 8 ಮಿ.ಮೀ. ತಗೊಳ್ಳಿ. ಸಣ್ಣ ಹಗ್ಗವೂ ತೂಕ ತಡೆಯುತ್ತದೆ, ಆದರೆ ನಿಮ್ಮ ಅಂಗೈ ತಡೆಯುವುದಿಲ್ಲ.

ಹಗ್ಗ ಬದಲಿಸುವಾಗಲೇ ಡೌನ್‌ಹಾಲಿಗೆ ಕಪ್ಪಿಗಳನ್ನೂ ಹಾಕಿದೆ. ಎರಡು ಜೋಡಿ ಕಪ್ಪಿ, ನಾಲ್ಕು ಎಳೆ. 15 ಕಿಲೋ ಎಳೆದರೆ ಲೆಕ್ಕದಲ್ಲಿ 60. ಉಜ್ಜಾಟದಲ್ಲಿ ಒಂದಷ್ಟು ಹೋದರೂ ಕೈಯಲ್ಲಿ ಎಳೆಯುವುದಕ್ಕೆ ಹೋಲಿಕೆಯೇ ಇಲ್ಲ. ಡೌನ್‌ಹಾಲಿನ ಬಿಗಿಯಲ್ಲೇ ಲಗ್ ಹಾಯಿಯ ಪ್ರಾಣ ಇದೆ. ಇಷ್ಟು ಬಿಗಿ ಬೇಕಾ ಅನ್ನಿಸಿದ ಮೇಲೆ ಇನ್ನೊಂದು ಎಳೆತ ಎಳೆಯಿರಿ.

ಇನ್ನೊಂದು ತೊಂದರೆ ಉಳಿದಿತ್ತು. ಚುಕ್ಕಾಣಿ ಭಾರ. ಕೈ ಬಿಟ್ಟರೆ ದೋಣಿ ತಟ್ಟನೆ ಗಾಳಿಯ ಕಡೆ ಮೂತಿ ತಿರುಗಿಸುತ್ತಿತ್ತು. ಈ ಗುಣ ಸ್ವಲ್ಪ ಇರಬೇಕು. ನೀವು ಆಯ ತಪ್ಪಿ ಬಿದ್ದರೆ ದೋಣಿ ತಾನಾಗಿ ಗಾಳಿಗೆ ಎದುರಾಗಿ ನಿಲ್ಲುತ್ತದೆ, ಓಡಿಹೋಗುವುದಿಲ್ಲ. ನನ್ನದು ಸ್ವಲ್ಪ ಅಲ್ಲ, ಒಂದು ಗಂಟೆಗೆ ಭುಜ ನೋಯುವಷ್ಟು.

ಇದನ್ನು ಊಹೆಯಲ್ಲಿ ಸರಿಮಾಡಲು ಹೋಗಬಾರದು. ಹಾಯಿಯ ಆಕಾರವನ್ನು ಹತ್ತರಲ್ಲಿ ಒಂದು ಅಳತೆಗೆ ರಟ್ಟಿನಲ್ಲಿ ಕತ್ತರಿಸಿದೆ. ಒಂದು ಮೂಲೆಯಿಂದ ಮೊಳೆಗೆ ನೇತುಹಾಕಿ ತೂಗುಗುಂಡಿನ ದಾರದ ಗೆರೆ ಎಳೆದೆ. ಇನ್ನೊಂದು ಮೂಲೆಯಿಂದ ಮತ್ತೆ ಹಾಗೇ. ಎರಡು ಗೆರೆ ಕೂಡಿದ ಕಡೆ ಹಾಯಿಯ ನಡುಬಿಂದು. ಆಮೇಲೆ ನಿಂತ ನೀರಲ್ಲಿ ಸೊಂಟದವರೆಗೆ ಇಳಿದು, ತಳದ ಹಲಗೆಯನ್ನೂ (ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗೆ ಇಳಿಸುವ ಹಲಗೆ) ಚುಕ್ಕಾಣಿಯನ್ನೂ ಇಳಿಸಿ, ದೋಣಿಯ ಪಕ್ಕವನ್ನು ಒಂದೇ ಬೆರಳಿನಿಂದ ತಳ್ಳುತ್ತಾ ಹೋದೆ. ಮುಂದೆ ತಳ್ಳಿದರೆ ಮೂತಿ ತಿರುಗುತ್ತದೆ, ಹಿಂದೆ ತಳ್ಳಿದರೆ ಬಾಲ. ತಿರುಗದೆ ನೇರ ಪಕ್ಕಕ್ಕೆ ಸರಿಯುವ ಜಾಗ ಒಂದು ಸಿಗುತ್ತದೆ. ಅದು ನೀರಿನ ತಡೆಯ ನಡುಬಿಂದು. ಅಲ್ಲಿ ಟೇಪ್ ಅಂಟಿಸಿದೆ.

ಹಾಯಿಯ ಬಿಂದು ನೀರಿನ ಬಿಂದುವಿಗಿಂತ ಸ್ವಲ್ಪ ಮುಂದೆ ಇರಬೇಕು. ಯಾಕೆಂದರೆ ದೋಣಿ ವಾಲಿದಾಗ ಹಾಯಿಯ ಎಳೆತ ದೋಣಿಯಿಂದ ಆಚೆ, ಪಕ್ಕಕ್ಕೆ ಹೋಗುತ್ತದೆ. ಆಗ ಅದು ಮೂತಿಯನ್ನು ಗಾಳಿಯ ಕಡೆ ತಿರುಚುತ್ತದೆ. ಅದನ್ನು ಸರಿದೂಗಿಸಲು ಮುಂಚೆಯೇ ಅಷ್ಟು ಅಂತರ ಇಟ್ಟಿರಬೇಕು. ನನ್ನ ಹಾಯಿ 3 ಸೆ.ಮೀ. ಮಾತ್ರ ಮುಂದಿತ್ತು. ಕಾರಣ ಹುಡುಕಿದರೆ ಮಾಸ್ಟಿನ ಗುಳಿಯೇ ನಕ್ಷೆಗಿಂತ 4 ಸೆ.ಮೀ. ಹಿಂದೆ ಬಂದಿತ್ತು. ಮುಂದಿನ ಅಡ್ಡಗೋಡೆಗೆ ಬಲಕ್ಕೆಂದು ಒಂದು ಪಟ್ಟಿ ಕೂಡಿಸಿದ್ದೆ, ಗುಳಿ ಆ ಪಟ್ಟಿಯ ಹಿಂದೆ ಕೂತಿತ್ತು.

ಗುಳಿ ಕಿತ್ತು ಹಾಕಬೇಕಾಗಲಿಲ್ಲ. ಹಾಲ್ಯಾರ್ಡನ್ನು 8 ಸೆ.ಮೀ. ಹಿಂದಕ್ಕೆ ಸರಿಸಿದ್ದರಿಂದ, ಯಾರ್ಡ್ ಓರೆ ಇರುವ ಲೆಕ್ಕದಲ್ಲಿ, ಹಾಯಿಯ ಮೇಲ್ಭಾಗ 5 ಸೆ.ಮೀ. ಮುಂದೆ ಹೋಗಿತ್ತು. ಆದರೆ ಬೂಮನ್ನು ನಾನು ಹಳೆಯ ಜಾಗದಲ್ಲೇ ಕಟ್ಟಿಟ್ಟಿದ್ದೆ. ಅದನ್ನೂ ಬಿಚ್ಚಿ ಮುಂದಕ್ಕೆ ಸರಿಸಿ ಕಟ್ಟಿದೆ. ಮಾರನೇ ದಿನ ಎರಡೇ ಬೆರಳಲ್ಲಿ ಚುಕ್ಕಾಣಿ ಹಿಡಿದು ಹೋದೆ. ಕೆಂಪು ಪೆನ್ನಿಗೆ ಇನ್ನೂ ಎರಡು ಗುರುತು.

ಮುಳುಗಿಸಿ ನೋಡಿದ್ದು

ಗಾಳಿ ಪೆಟ್ಟಿಗೆಗಳ, ಅಂದರೆ ನೀರು ತುಂಬಿದರೂ ದೋಣಿಯನ್ನು ತೇಲಿಸುವ ಮುಚ್ಚಿದ ಪೆಟ್ಟಿಗೆಗಳ, ಪರೀಕ್ಷೆ ಬಿಡಬೇಡಿ. ಮುಚ್ಚಳಗಳ ಸುತ್ತ ಸೋಪಿನ ನೀರು ಸವರಿ, ಒಂದು ತೂತಿನಿಂದ ಬಾಯಲ್ಲಿ ಮೆತ್ತಗೆ ಊದಿ. ಪಂಪು ಬೇಡ, ಅಂಟು ಬಿಟ್ಟೀತು. ಎಡಗಡೆ ಪೆಟ್ಟಿಗೆಯ ಮೂಲೆಯಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಕಣ್ಣಿಗೆ ಕಾಣದ ಬಿರುಕು. ಎಪಾಕ್ಸಿ ಹಾಕಿ ಮುಚ್ಚಿದೆ. ಆಮೇಲೆ ಆಳವಿಲ್ಲದ ಕಡೆ ದೋಣಿಯನ್ನು ಬೇಕೆಂದೇ ಮಗುಚಿ, ತಳದ ಹಲಗೆಯ ಮೇಲೆ ನಿಂತು ಎಬ್ಬಿಸಿ, ನೀರು ತುಂಬಿದ ದೋಣಿಯಲ್ಲಿ ಇಬ್ಬರೂ ಕೂತು ನೋಡಿದೆವು. ಅಂಚು ನೀರಿನ ಮೇಲೇ ಇತ್ತು. ಇದರ ಫೋಟೋ ತೆಗೆದಿಟ್ಟಿದ್ದು ಮುಂದೆ ಉಪಯೋಗಕ್ಕೆ ಬಂತು.

ನಂಬರು

ನೋಂದಣಿಯ ನಿಯಮ ಒಂದೊಂದು ಕಡೆ ಒಂದೊಂದು ಥರ. ಕೆಲವು ಕಡೆ ಮೋಟರ್ ಇಲ್ಲದ ಚಿಕ್ಕ ದೋಣಿಗೆ ಬೇಕಾಗುವುದೇ ಇಲ್ಲ, ಕೆಲವು ಕಡೆ ಉದ್ದ ನೋಡುತ್ತಾರೆ. ಒಡಲಿನ ಗುರುತಿನ ಸಂಖ್ಯೆಯೂ ಹಾಗೇ. ಅಮೆರಿಕದಲ್ಲಿ ಅದಕ್ಕೆ 12 ಅಕ್ಷರ, ಯುರೋಪಿನಲ್ಲಿ 14. ಯುರೋಪಿನ ನಿಯಮದಲ್ಲಿ ಸ್ವಂತಕ್ಕೆ ಕಟ್ಟಿಕೊಂಡ ದೋಣಿಗೆ ಕಾರ್ಖಾನೆಯ ದೋಣಿಗಿರುವ ಕಟ್ಟಳೆಗಳಿಂದ ವಿನಾಯಿತಿ ಇದೆ. ಆದರೆ ನೀರಿಗಿಳಿಸಿದ ಮೇಲೆ ಐದು ವರ್ಷ ಮಾರುವಂತಿಲ್ಲ. ನಿಮ್ಮ ಕಡೆ ಏನು ಅಂತ ಪ್ಲೈವುಡ್ ಕೊಯ್ಯುವ ಮೊದಲೇ ವಿಚಾರಿಸಿ.

ಎಲ್ಲೇ ಆಗಲಿ, ಸಾಮಾನ್ಯವಾಗಿ ಕೇಳುವುದು ಒಂದೇ. ನೀವೇ ಕಟ್ಟಿದ್ದು ಅನ್ನುವುದಕ್ಕೆ ಏನು ಸಾಕ್ಷಿ? ಕಾರ್ಖಾನೆಯ ದೋಣಿಗೆ ಮಾರಾಟದ ಕಾಗದ ಇರುತ್ತದೆ. ನಮ್ಮದಕ್ಕೆ ಇರುವುದು ಮರದ, ಎಪಾಕ್ಸಿಯ, ಹಾಯಿಬಟ್ಟೆಯ ರಸೀದಿಗಳು, ಕಟ್ಟುವಾಗಿನ ಫೋಟೋಗಳು, ಮತ್ತು ನಮ್ಮ ಸಹಿಯ ಒಂದು ಹೇಳಿಕೆ. ರಸೀದಿಗಳ ಶಾಯಿ ಮಾಸಿಹೋಗುತ್ತದೆ. ತಂದ ದಿನವೇ ಫೋಟೋ ತೆಗೆದಿಡಿ.

ನನ್ನ ಮೊದಲ ಅರ್ಜಿ ವಾಪಸ್ ಬಂತು. ಉದ್ದ 3.20 ಅಂತ ನಕ್ಷೆ ನೋಡಿ ಬರೆದಿದ್ದೆ. ಫೋಟೋದಲ್ಲಿ ಟೇಪ್ ಹಿಡಿದ ಕಡೆ 3.24 ಕಾಣುತ್ತಿತ್ತು. ತಪ್ಪು ನನ್ನದೇ. ಹಿಂದಿನ ಹಲಗೆಗೆ 18 ಮಿ.ಮೀ. ಇನ್ನೊಂದು ಪದರ ಕೂಡಿಸಿದ್ದೆ, ಮೂತಿಗೆ 22 ಮಿ.ಮೀ. ಕಾವಲು ಪಟ್ಟಿ. ಎರಡೂ ಸೇರಿ ಸರಿಯಾಗಿ 4 ಸೆ.ಮೀ.

ಆಗ ಎಲ್ಲವನ್ನೂ ಹೊಸದಾಗಿ ಅಳೆದೆ. ದೋಣಿಯನ್ನು ಮಟ್ಟಸ ನೆಲದ ಮೇಲಿಟ್ಟು, ಮೂತಿಯಿಂದ ಒಂದು ತೂಗುಗುಂಡು, ಹಿಂದಿನ ಹಲಗೆಯಿಂದ ಒಂದು. ನೆಲದ ಮೇಲೆ ಎರಡು ಗುರುತು ಹಾಕಿ ಅವುಗಳ ನಡುವೆ ಅಳೆದೆ. ದೋಣಿಯ ಬೆನ್ನಿನ ಮೇಲೆ ಟೇಪ್ ಹಾಸಿದರೆ ಬಾಗು ಸೇರಿ ಜಾಸ್ತಿ ಬರುತ್ತದೆ. ಚುಕ್ಕಾಣಿಯನ್ನು ಸೇರಿಸಬಾರದು. ತೂಕಕ್ಕೆ ಮನೆಯಲ್ಲಿ ಜನ ನಿಂತು ನೋಡುವ ತಕ್ಕಡಿಗಳೇ ಸಾಕು. ಮುಂದೆ ಒಂದು, ಹಿಂದೆ ಒಂದು, ಎರಡನ್ನೂ ಕೂಡಿಸಿ. 27 ಮತ್ತು 24, ಒಟ್ಟು 51 ಕಿಲೋ.

ಎರಡನೇ ಅರ್ಜಿಯ ನಂತರ ಅಳತೆ ನೋಡಲು ಒಬ್ಬರು ಬಂದರು. ಫೋಟೋಗಳನ್ನು ಒಂದೊಂದಾಗಿ ನೋಡಿ ಕೇಳಿದರು: "ಸಾರ್, ಫೋಟೋದಲ್ಲಿರುವ ದೋಣಿ ಇದೇ ಅಂತ ನಾನು ಹೇಗೆ ನಂಬಲಿ? ಆಗ ಬಣ್ಣ ಇರಲಿಲ್ಲ, ಈಗ ಇದೆ."

ಒಳ್ಳೆಯ ಪ್ರಶ್ನೆ. ನಾನು ಹಿಂದಿನ ಹಲಗೆಯ ಒಳಮುಖ ತೋರಿಸಿದೆ. ಅಲ್ಲಿ ಬಣ್ಣ ಬಳಿದಿಲ್ಲ, ವಾರ್ನಿಷ್ ಮಾತ್ರ. ಆ ಮರದಲ್ಲಿ ಕಣ್ಣಿನ ಆಕಾರದ ಒಂದು ಗಂಟು ಇದೆ, ಪಕ್ಕದಲ್ಲಿ ಕಪ್ಪು ಎಳೆ ಹುಬ್ಬಿನ ಹಾಗೆ ಬಾಗಿದೆ. ಹಲಗೆಯನ್ನು ತಂತಿಯಲ್ಲಿ ಹೊಲಿಯುತ್ತಿದ್ದ ಫೋಟೋದಲ್ಲೂ ಅದೇ ಕಣ್ಣು, ಅದೇ ಹುಬ್ಬು. ಅವರು ಫೋಟೋ ಪಕ್ಕದಲ್ಲಿ ಹಿಡಿದು ನೋಡಿ, ಹೆಬ್ಬೆರಳಿನಿಂದ ಆ ಗಂಟನ್ನು ಒಮ್ಮೆ ಸವರಿದರು. "ಸರಿ ಸಾರ್, ಇದೇ ದೋಣಿ," ಅಂದರು. ಎಲ್ಲಾದರೂ ಒಂದು ಕಡೆ ಮರವನ್ನು ಬರಿಯ ವಾರ್ನಿಷ್‌ನಲ್ಲಿ ಬಿಡಿ ಅಂತ ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಮೂರು ವಾರಕ್ಕೆ ಸಂಖ್ಯೆ ಬಂತು. ಹಿಂದಿನ ಹಲಗೆಯ ಹೊರಗೆ, ಬಲಗಡೆ ಮೇಲ್ಮೂಲೆಯಲ್ಲಿ ಕೆತ್ತಬೇಕು. ಅಂಟಿಸಿದ ತಗಡು ಕಿತ್ತುಹೋಗಬಹುದು ಅಂತ ಮರದಲ್ಲೇ ಕೆತ್ತಿದೆ. ಕಾಗದದಲ್ಲಿ ಅಕ್ಷರ ಬರೆದು, ಅಂಟಿಸಿ, 3 ಮಿ.ಮೀ. ಉಳಿಯಲ್ಲಿ ಒಂದೊಂದೇ ಗೆರೆ. 8 ಕೆತ್ತುವುದು ಎಲ್ಲಕ್ಕಿಂತ ಕಷ್ಟ. ಎರಡು ಸೊನ್ನೆಗಳ ನಡುವಿನ ಮರ ಚಕ್ಕೆ ಎದ್ದುಬಿಡುತ್ತದೆ. ಕೆತ್ತಿದ ಮೇಲೆ ಗೆರೆಗಳಿಗೆ ಕಪ್ಪು ಬಣ್ಣ ಕಲಸಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಮಟ್ಟ ಮಾಡಿದೆ. ಹಾಗೆ ಮಾಡಿದರೆ ಕೆತ್ತಿದ ಕಡೆ ಪ್ಲೈವುಡ್ ಪದರಕ್ಕೆ ನೀರು ಇಳಿಯುವುದಿಲ್ಲ. ಇದೇ ಸಂಖ್ಯೆಯನ್ನು ಇನ್ನೊಮ್ಮೆ ಒಳಗಡೆ, ಯಾರಿಗೂ ಕಾಣದ ಜಾಗದಲ್ಲಿ ಕೆತ್ತಿದ್ದೇನೆ. ಕಳುವಾದರೆ ಬೇಕಾಗುತ್ತದೆ.

ಕೆಂಪು ಪೆನ್ನಿನ ನಕ್ಷೆಯಲ್ಲಿ ಈಗ ಆರು ತಿದ್ದುಪಡಿ ಇವೆ. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸೇರಿಸಿ ಮುಂದಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆ. ಮೊದಲ ಸಾಲಿನಲ್ಲಿ 3.20 ಹೊಡೆದು 3.24 ಅಂತ ಇದೆ, ಅದರ ಕೆಳಗೆ ಸಂಖ್ಯೆ. ಮಗಳು ಮುಚ್ಚಳ ತಿರುಗಿಸಿ ಹಾಕಿ, ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದಾ ಅಂತ ಬಗ್ಗಿ ನೋಡಿದಳು. ಏಳಲಿಲ್ಲ.